ಮೇಷ್ಟ್ರಿಲ್ಲದ ಪಾಠ: ಕಲಿಸುವ ವೆಬ್‌ಸೈಟ್ ಕಟ್ಟುವ ಬಗೆ

ಪೊನ್ನಂಪೇಟೆಯಲ್ಲೋ ಚೆಟ್ಟಳ್ಳಿಯಲ್ಲೋ ಬೆಳೆಗಾರರಿಗೆ ತರಬೇತಿ ನಡೆಯುವಾಗ ಹೇಳಿಕೊಡುವವರ ಕಣ್ಣು ಎದುರಿಗಿದ್ದವರ ಮುಖದ ಮೇಲೇ ಇರುತ್ತದೆ. ಯಾರಾದರೂ ಹುಬ್ಬು ಗಂಟಿಕ್ಕಿದರೆ ಅದೇ ಮಾತನ್ನು ಇನ್ನೊಂದು ರೀತಿಯಲ್ಲಿ ಹೇಳುತ್ತಾರೆ. ಹಿಂದಿನ ಸಾಲಿನಲ್ಲಿ ಪಿಸುಮಾತು ಶುರುವಾದರೆ ಬಕೆಟ್ಟನ್ನೇ ಎತ್ತಿ ತೋರಿಸುತ್ತಾರೆ. ಎಲ್ಲರಿಗೂ ಗೊತ್ತಿರುವ ಸಂಗತಿ ಅನ್ನಿಸಿದರೆ ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಇದನ್ನೆಲ್ಲ ಅವರು ಯೋಚಿಸಿ ಮಾಡುವುದಿಲ್ಲ, ಕಲಿಸಿ ಕಲಿಸಿ ರೂಢಿಯಾಗಿರುತ್ತದೆ. ಅದೇ ಪಾಠ ವೆಬ್‌ಸೈಟಿಗೆ ಬಂದ ದಿನ ಈ ರಿಪೇರಿ ಕೆಲಸ ನಿಂತುಹೋಗುತ್ತದೆ. ಓದುತ್ತಿದ್ದವರು ಎಲ್ಲಿ ಎಡವಿದರು ಎನ್ನುವುದು ಪುಟಕ್ಕೆ ಕಾಣುವುದಿಲ್ಲ. ಅಷ್ಟರಲ್ಲಿ ಅವರು ಪುಟ ಮುಚ್ಚಿ ವಾಟ್ಸ್ಆ್ಯಪ್ ತೆರೆದಿರುತ್ತಾರೆ.

ವೆಬ್‌ಸೈಟ್ ವಿನ್ಯಾಸ ಅಂದರೆ ಬಣ್ಣ, ಲೋಗೋ, ಮೆನು ಎಂದುಕೊಂಡವರೇ ಹೆಚ್ಚು. ಕಲಿಸುವ ವೆಬ್‌ಸೈಟಿನ ವಿಷಯಕ್ಕೆ ಬಂದರೆ ಅವೆಲ್ಲ ಕೊನೆಗೆ ನೋಡಿಕೊಳ್ಳಬಹುದಾದವು. ತರಗತಿಯಲ್ಲಿ ಮೇಷ್ಟ್ರು ಆ ಹೊತ್ತಿಗೆ ಮಾಡುವ ತಿದ್ದುಪಡಿಗಳನ್ನು ಪುಟದೊಳಗೆ ಮುಂಚಿತವಾಗಿಯೇ ಇಟ್ಟಿರುವುದು ಹೇಗೆ ಎಂಬುದೇ ಇಲ್ಲಿ ಮುಖ್ಯ ಕೆಲಸ. ಅದು ಸುಲಭದ್ದಲ್ಲ. ಎಂಐಟಿ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳ ಮುಕ್ತ ಆನ್‌ಲೈನ್ ಕೋರ್ಸುಗಳ ಲೆಕ್ಕ 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. 2017-18ರಲ್ಲಿ ಸೇರಿದವರಲ್ಲಿ ಕೋರ್ಸ್ ಮುಗಿಸಿದವರು ಶೇ. 3ರ ಆಸುಪಾಸು. ಸೇರಿದವರೆಲ್ಲ ಮುಗಿಸಲೆಂದೇ ಸೇರಿರುವುದಿಲ್ಲ ನಿಜ, ಇಣುಕಿ ನೋಡಲು ಬಂದವರೂ ಅದರಲ್ಲಿದ್ದಾರೆ. ಆದರೂ ಅಷ್ಟು ದೊಡ್ಡ ಸಂಸ್ಥೆಗಳ ಪಾಡೇ ಹೀಗಿರುವಾಗ, ಹಳೆಯ ಕೈಪಿಡಿಯ ಪಿಡಿಎಫ್ ಏರಿಸಿ 'ಇ-ಕಲಿಕೆ' ಎಂದು ಹೆಸರಿಟ್ಟರೆ ಯಾರಿಗೆ ಏನು ದಕ್ಕೀತು?

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದೇ ಪಾಠವನ್ನು ಕೊನೆತನಕ ಹಿಡಿದುಕೊಳ್ಳೋಣ. ಕೊಡಗಿನ ಯಾವ ತೋಟದಲ್ಲೂ ಬೇಕಾಗುವ ಪಾಠ ಅದು: ಮಳೆಗಾಲಕ್ಕೆ ಮುಂಚೆ ಕಾಳುಮೆಣಸಿನ ಬಳ್ಳಿಗೆ, ಕಾಫಿ ಗಿಡಕ್ಕೆ ಶಿಲೀಂಧ್ರ ರೋಗ ತಗುಲದಂತೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣ ತಯಾರಿಸುವುದು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ತುತ್ತವನ್ನು 50 ಲೀಟರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಿಕೊಳ್ಳಬೇಕು. ಆಮೇಲೆ ಸುಣ್ಣದ ನೀರಿಗೆ ತುತ್ತದ ನೀರನ್ನು ನಿಧಾನವಾಗಿ ಸುರಿಯುತ್ತ ಕದಡಬೇಕು. ಕಬ್ಬಿಣದ ಪಾತ್ರೆ ಆಗದು, ಪ್ಲಾಸ್ಟಿಕ್ ಆಗಬಹುದು. ತಯಾರಿಸಿದ ದಿನವೇ ಹೊಡೆದು ಮುಗಿಸಬೇಕು.

ಕೊನೆಯಿಂದ ಶುರು

ಪಾಠ ಬರೆಯಲು ಕೂತವರು ಸಾಮಾನ್ಯವಾಗಿ 'ಪೀಠಿಕೆ' ಎಂದು ಬರೆದು ಆರಂಭಿಸುತ್ತಾರೆ. ಶಿಲೀಂಧ್ರ ಎಂದರೇನು, ಅದರ ವರ್ಗೀಕರಣ, ರೋಗದ ಚರಿತ್ರೆ ಎಲ್ಲ ಮುಗಿದು, ಓದುವವರಿಗೆ ಬೇಕಾದದ್ದು ಐದನೆಯ ಪುಟದಲ್ಲಿ ಸಿಗುತ್ತದೆ. ಶಿಕ್ಷಣ ತಜ್ಞರಾದ ಗ್ರಾಂಟ್ ವಿಗಿನ್ಸ್ ಮತ್ತು ಜೇ ಮ್ಯಾಕ್‌ಟೈ 1998ರಲ್ಲಿ ಪ್ರಚಾರಕ್ಕೆ ತಂದ ಕ್ರಮ ಇದಕ್ಕೆ ತಿರುಗುಮುರುಗು. ಪಾಠ ಮುಗಿದಾಗ ಕಲಿತವರು ಏನು ಮಾಡಬಲ್ಲವರಾಗಿರಬೇಕು ಎಂದು ಮೊದಲು ಬರೆದುಕೊಳ್ಳಬೇಕು. ಮಾಡಬಲ್ಲರು ಎಂಬುದು ನಮಗೆ ಹೇಗೆ ತಿಳಿಯುತ್ತದೆ ಎನ್ನುವುದು ಎರಡನೆಯದು. ಏನು ಹೇಳಬೇಕು, ಯಾವ ಚಿತ್ರ ಹಾಕಬೇಕು ಎನ್ನುವುದು ಆಮೇಲಿನ ಮಾತು.

'ಬೋರ್ಡೋ ದ್ರಾವಣದ ಬಗ್ಗೆ ಅರಿವು ಮೂಡಿಸುವುದು' ಎಂಬ ಗುರಿ ಕಡತದಲ್ಲಿ ಚೆನ್ನಾಗಿ ಕಾಣುತ್ತದೆ, ಉಪಯೋಗಕ್ಕೆ ಬಾರದು. ಅರಿವು ಮೂಡಿತೋ ಇಲ್ಲವೋ ಎಂದು ಅಳೆಯುವುದು ಯಾವುದರಿಂದ? 'ತನ್ನ ತೋಟದಲ್ಲಿರುವ ಡ್ರಮ್ಮಿನ ಅಳತೆಗೆ ಎಷ್ಟು ತುತ್ತ, ಎಷ್ಟು ಸುಣ್ಣ ಎಂದು ತಾನೇ ಲೆಕ್ಕ ಹಾಕಿ, ಕಲಸಿ, ಸರಿಯಾಗಿದೆಯೇ ಎಂದು ಪರೀಕ್ಷಿಸುವುದು' ಎಂದು ಬರೆದುಕೊಂಡರೆ ಪುಟದ ರೂಪ ತಾನಾಗಿ ಬಂದುಬಿಡುತ್ತದೆ. ಅಳತೆಯ ಲೆಕ್ಕ ಬೇಕು, ಕಲಸುವ ಕ್ರಮ ಬೇಕು, ಪರೀಕ್ಷೆ ಬೇಕು. ಉಜ್ಜಿ ಹೊಳಪಾಗಿಸಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದು ಅರ್ಥ, ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಶಿಲೀಂಧ್ರದ ವರ್ಗೀಕರಣಕ್ಕೆ ಇಲ್ಲಿ ಜಾಗವಿಲ್ಲ.

ಯಾರಿಗಾಗಿ ಎನ್ನುವುದನ್ನೂ ಈ ಹಂತದಲ್ಲೇ ತೀರ್ಮಾನಿಸಬೇಕು. ಕೊಡಗಿನಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಸೇನೆಯಿಂದ ನಿವೃತ್ತರಾಗಿ ಅಪ್ಪನ ತೋಟಕ್ಕೆ ಮರಳಿದವರು ಇದ್ದಾರೆ, ಕೆಲಸ ಕೈಗೆ ಬಂದಿಲ್ಲ, ಓದಿನಲ್ಲಿ ಹಿಂದಿಲ್ಲ. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ, ಹತ್ತಾರು ಮಳೆಗಾಲ ಕಂಡ ರೈಟರ್ ಇದ್ದಾರೆ, ಅವರಿಗೆ ಬೇಕಿರುವುದು ಅಳತೆಯ ಪಟ್ಟಿ ಮಾತ್ರ. ಲೈನ್ ಮನೆಯಲ್ಲಿರುವ ತೋಟದ ಕಾರ್ಮಿಕರಿಗೆ ಕನ್ನಡ ಮಾತು ಅರ್ಥವಾದರೂ ಕನ್ನಡ ಓದು ಕಷ್ಟವಾಗಬಹುದು. ಮನೆಮಾತು ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಯಾವುದೂ ಇರಬಹುದು. ಎಲ್ಲರಿಗೂ ಒಂದೇ ಪುಟ ಮಾಡಲು ಹೊರಟರೆ ಯಾರಿಗೂ ಹೊಂದುವುದಿಲ್ಲ. ಹೊಸಬರಿಗೆ ಆಸರೆಯಾಗುವ ಹಂತ ಹಂತದ ವಿವರಣೆ ಅನುಭವಸ್ಥರಿಗೆ ಅಡ್ಡಿಯಾಗುತ್ತದೆ ಎನ್ನುವುದನ್ನು ಸಂಶೋಧಕರೂ ತೋರಿಸಿಕೊಟ್ಟಿದ್ದಾರೆ. ಗೊತ್ತಿರುವುದನ್ನೇ ಮತ್ತೆ ಮತ್ತೆ ಜಾಲಾಡಿ ಓದುವುದರಲ್ಲೇ ಅವರ ಗಮನ ಖರ್ಚಾಗಿಹೋಗುತ್ತದೆ. ನಾನಾದರೆ ಹೊಸಬರಿಗೆಂದು ಪುಟ ಕಟ್ಟಿ, ಮೇಲ್ಗಡೆಯೇ 'ನೇರ ಅಳತೆಯ ಪಟ್ಟಿಗೆ' ಎಂಬ ಒಂದು ಕೊಂಡಿ ಇಡುತ್ತೇನೆ. ರೈಟರಿಗೆ ಅಷ್ಟು ಸಾಕು.

ತಲೆಗೆ ಎಷ್ಟು ಹೊರೆ?

ಹೊಸ ಸಂಗತಿಗಳನ್ನು ಒಮ್ಮೆಗೇ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಅವುಗಳ ಮೇಲೆ ಕೆಲಸ ಮಾಡುವ ನಮ್ಮ ಶಕ್ತಿ ತೀರಾ ಕಿರಿದು. ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಇದನ್ನು ಏಳು, ಎರಡು ಹೆಚ್ಚು ಅಥವಾ ಕಡಿಮೆ ಎಂದರು. ನೆಲ್ಸನ್ ಕೋವನ್ 2001ರಲ್ಲಿ ಅದನ್ನು ನಾಲ್ಕರ ಹತ್ತಿರಕ್ಕೆ ಇಳಿಸಿದರು. ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ 1988ರಿಂದ ಇದರ ಮೇಲೆ ಕಟ್ಟುತ್ತ ಬಂದ ವಿಚಾರವನ್ನು ಸರಳವಾಗಿ ಹೀಗೆ ಹೇಳಬಹುದು: ವಿಷಯಕ್ಕೇ ಇರುವ ಕಷ್ಟ ಒಂದು, ಅದನ್ನು ಹೇಳಿದ ರೀತಿಯಿಂದ ಹುಟ್ಟುವ ಕಷ್ಟ ಇನ್ನೊಂದು. ಎರಡೂ ಆ ಕಿರಿದಾದ ಜಾಗಕ್ಕೇ ಬಂದು ಕೂರುತ್ತವೆ. ಮೊದಲನೆಯದನ್ನು ನಾವು ಹೆಚ್ಚೇನೂ ಕಡಿಮೆ ಮಾಡಲಾರೆವು. ಎರಡನೆಯದು ಪೂರ್ತಿ ನಮ್ಮ ಕೈಯಲ್ಲಿದೆ.

ಎರಡನೆಯ ಕಷ್ಟ ಹುಟ್ಟುವ ಜಾಗಗಳು ತೀರಾ ಸಾಮಾನ್ಯವಾದವು. ಚಿತ್ರದಲ್ಲಿ ಅ, ಆ, ಇ ಎಂದು ಗುರುತು ಹಾಕಿ, ಅವುಗಳ ಅರ್ಥವನ್ನು ಕೆಳಗೆ ಎಲ್ಲೋ ಬರೆದಿರುತ್ತಾರೆ. ಮೊಬೈಲಿನಲ್ಲಿ ಓದುವವರು ಚಿತ್ರ ನೋಡಿ ಕೆಳಗಿಳಿಯುವಷ್ಟರಲ್ಲಿ ಚಿತ್ರವೇ ಪರದೆಯಿಂದ ಹೊರಗೆ ಹೋಗಿರುತ್ತದೆ. ಯಾವ ಡ್ರಮ್ಮಿನಲ್ಲಿ ಸುಣ್ಣ, ಯಾವುದರಲ್ಲಿ ತುತ್ತ ಎಂದು ನೆನಪಿಟ್ಟುಕೊಳ್ಳುವುದಕ್ಕೇ ತಲೆಯ ಜಾಗ ತುಂಬಿತು. 'ಸುಣ್ಣದ ನೀರು' ಎಂದು ಡ್ರಮ್ಮಿನ ಚಿತ್ರದ ಮೇಲೇ ಬರೆದರೆ ಈ ಕಷ್ಟವೇ ಇಲ್ಲ. ಮಾತು ಮತ್ತು ಚಿತ್ರ ಅಕ್ಕಪಕ್ಕ ಇದ್ದರೆ ಕಲಿಕೆ ಉತ್ತಮ ಎಂಬುದನ್ನು ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಮತ್ತು ಅವರ ಜೊತೆಗಾರರು ಪ್ರಯೋಗದ ಮೇಲೆ ಪ್ರಯೋಗ ಮಾಡಿ ತೋರಿಸಿದ್ದಾರೆ.

ಅದೇ ಮೇಯರ್ 1998ರಲ್ಲಿ ಶಾನನ್ ಹಾರ್ಪ್ ಜೊತೆ ಸೇರಿ ಇನ್ನೊಂದು ಸಂಗತಿ ಕಂಡುಕೊಂಡರು. ಮಿಂಚು ಹೇಗೆ ಉಂಟಾಗುತ್ತದೆ ಎಂಬ ಪಾಠದ ನಡುವೆ ಮಿಂಚಿನ ಬಗ್ಗೆ ಸ್ವಾರಸ್ಯದ, ಆದರೆ ಪಾಠಕ್ಕೆ ಸಂಬಂಧಿಸದ ಸಂಗತಿಗಳನ್ನು ಸೇರಿಸಿದಾಗ ಓದಿದವರಿಗೆ ಮುಖ್ಯ ವಿಷಯ ನೆನಪಿನಲ್ಲಿ ಉಳಿದದ್ದು ಕಡಿಮೆ. ನನಗೆ ಇದು ನುಂಗಲಾರದ ತುತ್ತು, ಏಕೆಂದರೆ ಬೋರ್ಡೋ ದ್ರಾವಣದ ಹಿಂದೆ ಸೊಗಸಾದ ಕಥೆಯಿದೆ. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಎಂದು ದಾರಿಬದಿಯ ಬಳ್ಳಿಗಳಿಗೆ ತುತ್ತ-ಸುಣ್ಣ ಬಳಿಯುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ತಗುಲದ್ದನ್ನು ಪ್ರಾಧ್ಯಾಪಕ ಮಿಲಾರ್ಡೆ ಗಮನಿಸಿ, 1885ರಲ್ಲಿ ಔಷಧಿಯಾಗಿ ಪ್ರಕಟಿಸಿದರು. ಹೇಳದೆ ಇರಲು ಮನಸ್ಸು ಬರುವುದಿಲ್ಲ. ಆದರೆ ಕಲಸುವ ಕ್ರಮದ ನಡುವೆ ಇದನ್ನು ತುರುಕಿದರೆ ಓದುವವರಿಗೆ ದ್ರಾಕ್ಷಿ ಕಳ್ಳರು ನೆನಪಿರುತ್ತಾರೆ, ಯಾವುದನ್ನು ಯಾವುದಕ್ಕೆ ಸುರಿಯಬೇಕು ಎನ್ನುವುದು ಮರೆಯುತ್ತದೆ. ಬೇಕಿದ್ದರೆ ಪಾಠ ಪೂರ್ತಿ ಮುಗಿದ ಮೇಲೆ, ಬೇರೆ ಪುಟದಲ್ಲಿ ಹೇಳಬೇಕು.

ಪರದೆಯ ಮೇಲಿರುವ ವಾಕ್ಯವನ್ನೇ ಅಕ್ಷರಕ್ಷರ ಬಿಡದೆ ದನಿಯಲ್ಲೂ ಓದಿ ಹೇಳುವುದು ಒಳ್ಳೆಯದಲ್ಲ ಎಂಬುದು ಈ ಸಂಶೋಧನೆಯ ಇನ್ನೊಂದು ಮಾತು. ಕಣ್ಣು ಒಂದು ವೇಗದಲ್ಲಿ, ಕಿವಿ ಇನ್ನೊಂದು ವೇಗದಲ್ಲಿ ಓಡುತ್ತ ಒಂದಕ್ಕೊಂದು ತೊಡಕಾಗುತ್ತವೆ. ಆದರೆ ಪಾಠದ ಭಾಷೆ ಮನೆಮಾತಲ್ಲದವರಿಗೆ ಈ ನಿಯಮ ಸಡಿಲ, ದನಿಯ ಜೊತೆಗೆ ಅಕ್ಷರವೂ ಇದ್ದರೆ ಅವರಿಗೆ ಅನುಕೂಲ. ಕೊಡಗಿನಲ್ಲಿ ಕನ್ನಡ ಶಾಲೆಯ ಭಾಷೆಯಾಗಿ ಬಂದ ಮನೆಗಳು ಬೇಕಾದಷ್ಟಿವೆ. ಹಾಗಾಗಿ ವಿಡಿಯೋ ಹಾಕುವುದಾದರೆ ಅಡಿಬರಹ ಇರಲಿ, ಬೇಡವಾದವರು ಅದನ್ನು ಮುಚ್ಚಿಕೊಳ್ಳುವಂತಿರಲಿ.

ಮಾಡಿ ತೋರಿಸಿ, ಆಮೇಲೆ ಕೇಳಿ

ಹೊಸಬರಿಗೆ ಲೆಕ್ಕ ಕೊಟ್ಟು 'ಬಿಡಿಸು' ಎನ್ನುವುದಕ್ಕಿಂತ ಬಿಡಿಸಿದ ಲೆಕ್ಕವನ್ನು ತೋರಿಸುವುದು ಲೇಸು. ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ಬೀಜಗಣಿತದ ಲೆಕ್ಕಗಳ ಮೇಲೆ ಇದನ್ನು ಪರೀಕ್ಷಿಸಿದ್ದರು. ನಮ್ಮ ಪಾಠದಲ್ಲಿ ಹೀಗೆ ಮಾಡಬಹುದು. ಮೊದಲು 100 ಲೀಟರಿನ ಲೆಕ್ಕ, ಒಂದು ಹಂತವನ್ನೂ ಬಿಡದೆ. ಮುಂದೆ 200 ಲೀಟರಿನ ಡ್ರಮ್: ತುತ್ತ 2 ಕಿಲೋ ಎಂದು ಕೊಟ್ಟು, ಸುಣ್ಣ ಎಷ್ಟು, ತಲಾ ಎಷ್ಟು ನೀರು ಎನ್ನುವುದನ್ನು ಖಾಲಿ ಬಿಡಬೇಕು. ಕೊನೆಯದಾಗಿ 'ನಿಮ್ಮ ಡ್ರಮ್ ಎಷ್ಟು ಲೀಟರಿನದು?' ಎಂದು ಕೇಳಿ ಪೂರ್ತಿ ಅವರಿಗೇ ಬಿಡಬೇಕು. ಆಸರೆಯನ್ನು ಒಮ್ಮೆಗೇ ಕಿತ್ತುಕೊಳ್ಳದೆ ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ತೆಗೆಯುವ ಉಪಾಯ ಇದು.

ಪ್ರಶ್ನೆ ಎಂದರೆ ಪರೀಕ್ಷೆ, ಪರೀಕ್ಷೆ ಎಂದರೆ ಅಂಕ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಆದರೆ ಪ್ರಶ್ನೆಗೆ ಉತ್ತರ ಹುಡುಕಲು ನೆನಪನ್ನು ಕೆದಕುವುದೇ ಕಲಿಕೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು, ಅಥವಾ ಒಂದು ಸಲ ಓದಿ ನೆನಪಿಸಿಕೊಂಡು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದಾಗಿನ ಫಲವೇ ಮುಂದಿತ್ತು. ಒಂದು ವಾರದ ನಂತರ ಕೇಳಿದಾಗ ಬರೀ ಓದಿದ್ದರಲ್ಲಿ ನೆನಪಿದ್ದದ್ದು ಶೇ. 42, ನೆನಪಿಸಿಕೊಂಡು ಬರೆದದ್ದರಲ್ಲಿ ಶೇ. 56. ತೋಟದ ಕೆಲಸಕ್ಕೆ ಬೇಕಿರುವುದು ಐದು ನಿಮಿಷದ ನೆನಪಲ್ಲ. ಏಪ್ರಿಲಿನಲ್ಲಿ ಓದಿದ್ದು ಮೇ ಕೊನೆಯಲ್ಲಿ ಡ್ರಮ್ಮಿನ ಮುಂದೆ ನಿಂತಾಗ ಬರಬೇಕು. ಆದ್ದರಿಂದ ಪಾಠದ ನಡುವೆ ಒಂದೆರಡು, ಕೊನೆಗೆ ಒಂದೆರಡು, ವಾರ ಬಿಟ್ಟು ವಾಟ್ಸ್ಆ್ಯಪಿನಲ್ಲಿ ಇನ್ನೊಂದು ಪ್ರಶ್ನೆ ಇಡುವುದು ಒಳ್ಳೆಯದು. ಅಂಕ ಬೇಡ.

ಪ್ರಶ್ನೆಯ ಜೀವ ಇರುವುದು ತಪ್ಪು ಉತ್ತರಗಳಲ್ಲಿ. ಯಾರೂ ಮಾಡದ ತಪ್ಪುಗಳನ್ನು ಆಯ್ಕೆಗಳಾಗಿ ಕೊಟ್ಟರೆ ಓದದವರೂ ಸರಿಯುತ್ತರ ಊಹಿಸುತ್ತಾರೆ. ಜನ ನಿಜವಾಗಿ ಮಾಡುವ ತಪ್ಪುಗಳು ಬೇಕು: ಎರಡನ್ನೂ ಒಂದೇ ನೀರಿಗೆ ಪುಡಿಯಾಗಿಯೇ ಹಾಕುವುದು, ಕಬ್ಬಿಣದ ಹಳೆ ಡ್ರಮ್ಮಿನಲ್ಲಿ ಕಲಸುವುದು, ಮಳೆ ಬಂತೆಂದು ಉಳಿದದ್ದನ್ನು ನಾಳೆಗೆ ಇಡುವುದು. ಯಾರಾದರೂ ಕಬ್ಬಿಣದ ಡ್ರಮ್ ಆರಿಸಿದರೆ 'ತಪ್ಪು, ಮತ್ತೆ ಪ್ರಯತ್ನಿಸಿ' ಎಂದು ಕೆಂಪಕ್ಷರ ತೋರಿಸುವುದು ಸೋಮಾರಿತನ. ತುತ್ತದಲ್ಲಿರುವ ತಾಮ್ರ ಕಬ್ಬಿಣದ ಮೇಲೆ ಹೋಗಿ ಕೂರುತ್ತದೆ, ಔಷಧಿಯ ಶಕ್ತಿ ಡ್ರಮ್ಮಿನ ಪಾಲಾಗುತ್ತದೆ, ಡ್ರಮ್ಮೂ ಹಾಳಾಗುತ್ತದೆ ಎಂದು ಅಲ್ಲೇ ಎರಡು ಸಾಲಿನಲ್ಲಿ ಹೇಳಬೇಕು. ಮುಖ ನೋಡಿ ತಿದ್ದುವ ಮೇಷ್ಟ್ರ ಕೆಲಸಕ್ಕೆ ವೆಬ್‌ಸೈಟಿನಲ್ಲಿ ಅತಿ ಹತ್ತಿರ ಬರುವುದು ಈ ಎರಡು ಸಾಲು. ಪುಟ ಮಾಡುವವರು ಅತಿ ಕಡಿಮೆ ಸಮಯ ಕೊಡುವುದೂ ಇದಕ್ಕೇ.

ಕಕ್ಕಡದಲ್ಲಿ ತೆರೆಯದ ಪುಟ

ಈಗ ವಿಡಿಯೋ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ಕೋರ್ಸುಗಳಲ್ಲಿ 69 ಲಕ್ಷ ವೀಕ್ಷಣೆಗಳ ದಾಖಲೆ ಜಾಲಾಡಿದ 2014ರ ಅಧ್ಯಯನವೊಂದು, ವಿಡಿಯೋ ಎಷ್ಟೇ ಉದ್ದವಿರಲಿ ಜನ ಗಮನ ಕೊಟ್ಟು ನೋಡುವುದು ಸಾಮಾನ್ಯವಾಗಿ 6 ನಿಮಿಷ ದಾಟುವುದಿಲ್ಲ ಎಂದಿತು. ಮುಕ್ಕಾಲು ಗಂಟೆಯ ಉಪನ್ಯಾಸವನ್ನು ಹಾಗೇ ಏರಿಸುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ನಮ್ಮ ಕಡೆ ಇನ್ನೊಂದು ಲೆಕ್ಕವೂ ಇದೆ. ಸೆಕೆಂಡಿಗೆ 1 ಮೆಗಾಬಿಟ್‌ನಂತೆ ಹತ್ತು ನಿಮಿಷದ ವಿಡಿಯೋ ಎಂದರೆ 75 ಎಂಬಿ. ತೋಟದ ಮೂಲೆಯಲ್ಲಿ 256 ಕಿಲೋಬಿಟ್ ವೇಗ ಸಿಕ್ಕಿತು ಎಂದಿಟ್ಟುಕೊಂಡರೂ ಅದು ಇಳಿಯಲು ಸುಮಾರು 39 ನಿಮಿಷ. ಅದೇ ತಲಾ 60 ಕೆಬಿಯ ನಾಲ್ಕು ಫೋಟೋ ಎಂಟು ಸೆಕೆಂಡಿನೊಳಗೆ ಬಂದುಬಿಡುತ್ತವೆ. ಹಾಗೆಂದು ವಿಡಿಯೋವೇ ಬೇಡ ಎನ್ನುವಂತಿಲ್ಲ. ಎಷ್ಟು ನಿಧಾನವಾಗಿ ಸುರಿಯಬೇಕು, ಹೇಗೆ ಕದಡಬೇಕು ಎನ್ನುವುದು ಚಲನೆಯಲ್ಲೇ ತಿಳಿಯುವಂಥದ್ದು. ಅದಕ್ಕೆ 40 ಸೆಕೆಂಡಿನ ತುಣುಕು ಸಾಕು. ತುತ್ತ ತೂಗುವುದನ್ನು ವಿಡಿಯೋದಲ್ಲಿ ನೋಡುವ ಅಗತ್ಯ ಯಾರಿಗಿದೆ?

2020ರ ಲಾಕ್‌ಡೌನ್‌ನಲ್ಲಿ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದನ್ನು ಇಲ್ಲಿ ಎಲ್ಲರೂ ಕಂಡಿದ್ದಾರೆ. ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗದು, ಟವರಿನ ಬ್ಯಾಟರಿ ಮುಗಿದರೆ ಫೋನು ಬರೀ ಟಾರ್ಚು. ಇದನ್ನು ಅಪರೂಪದ ತೊಂದರೆ ಎಂದು ಬದಿಗಿಟ್ಟು ಬೆಂಗಳೂರಿನ ವೈಫೈಯಲ್ಲಿ ಪರೀಕ್ಷಿಸಿ ತೃಪ್ತಿಪಟ್ಟರೆ ವೆಬ್‌ಸೈಟ್ ಬೇಕಾದ ಹೊತ್ತಿಗೇ ಕೈಕೊಡುತ್ತದೆ. ತಾಂತ್ರಿಕವಾಗಿ ಇದಕ್ಕೆ ದಾರಿಗಳಿವೆ. ಸರ್ವಿಸ್ ವರ್ಕರ್ ಎಂಬ ಸಣ್ಣ ಪ್ರೋಗ್ರಾಂ ಬ್ರೌಸರಿನೊಳಗೆ ಕೂತು, ಒಮ್ಮೆ ತೆರೆದ ಪುಟ ಮತ್ತು ಚಿತ್ರಗಳನ್ನು ಫೋನಿನಲ್ಲೇ ಉಳಿಸಿಕೊಳ್ಳುವಂತೆ ಮಾಡಬಹುದು. ಮುಂದಿನ ಸಲ ನೆಟ್‌ವರ್ಕ್ ಇಲ್ಲದಿದ್ದರೂ ಪುಟ ತೆರೆಯುತ್ತದೆ. ಪ್ರಶ್ನೆಗಳ ಉತ್ತರವನ್ನೂ ಫೋನಿನಲ್ಲೇ ಇಟ್ಟುಕೊಂಡು ಸಿಗ್ನಲ್ ಸಿಕ್ಕಾಗ ಕಳಿಸಬಹುದು. ಇದೆಲ್ಲದರ ಜೊತೆಗೆ ಅಳತೆಯ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ಮುದ್ರಿಸುವಂತೆ ಕೊಡುವುದು ನನ್ನ ಪ್ರಕಾರ ಕಡ್ಡಾಯ. ಒದ್ದೆ ಕೈಯಲ್ಲಿ ಫೋನು ಯಾರು ಮುಟ್ಟುತ್ತಾರೆ? ಹಾಳೆಯಾದರೆ ಗೋದಾಮಿನ ಗೋಡೆಗೆ ಅಂಟಿಸಿಡಬಹುದು.

ಬರಹ ಮಾತ್ರ ಎಷ್ಟಿದ್ದರೂ ಹಗುರವೇ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು, ಇಂಗ್ಲಿಷಿಗೆ ಒಂದೇ. ಆದರೂ ಇಡೀ ಪಾಠದ ಬರಹ ಒಂದು ಸಾಧಾರಣ ಫೋಟೋದಷ್ಟೂ ಆಗುವುದಿಲ್ಲ. ಇಲ್ಲಿ ತೊಂದರೆ ತೂಕದ್ದಲ್ಲ, ಫಾಂಟಿನದು. ಯೂನಿಕೋಡ್‌ಗೆ (ಎಲ್ಲ ಭಾಷೆಗಳ ಅಕ್ಷರಗಳಿಗೆ ಈಗಿರುವ ಏಕರೂಪದ ಸಂಕೇತ ಪದ್ಧತಿ) ಮುಂಚಿನ ಹಳೆಯ ಪದ್ಧತಿಯಲ್ಲಿ ಬೆರಳಚ್ಚು ಮಾಡಿದ ಕಡತದಿಂದ ನಕಲಿಸಿ ಅಂಟಿಸಿದರೆ ಪುಟದಲ್ಲಿ ಅರ್ಥವಿಲ್ಲದ ಗುರುತುಗಳ ಸಾಲು ಬರುತ್ತದೆ. ಅದಕ್ಕೆ ಹೆದರಿ ಪುಟವನ್ನೇ ಚಿತ್ರವಾಗಿಸಿ ಏರಿಸುತ್ತಾರೆ. ಆಗ ಗೂಗಲ್‌ನಲ್ಲಿ ಹುಡುಕಿದರೆ ಸಿಗದು, ದೃಷ್ಟಿ ಇಲ್ಲದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಬರೀ ಖಾಲಿ ಚೌಕ. ಯೂನಿಕೋಡ್ ಬಳಸಿ, ಪುಟದ ಭಾಷೆ ಕನ್ನಡ ಎಂದು ಕೋಡಿನಲ್ಲೂ ಗುರುತಿಸಬೇಕು. ಇಂಗ್ಲಿಷ್ ಪುಟಗಳಿಗೆಂದು ಮಾಡಿದ ಅಚ್ಚಿನಲ್ಲಿ ಸಾಲುಗಳ ನಡುವಿನ ಜಾಗ ಕನ್ನಡಕ್ಕೆ ಸಾಲದು, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತದೆ. ಅಕ್ಷರದ ಅಳತೆಯ ಒಂದೂಮುಕ್ಕಾಲು ಪಟ್ಟು ಎತ್ತರ ಕೊಟ್ಟರೆ ಉಸಿರಾಡುತ್ತದೆ.

ಬಣ್ಣದ ಮಾತು ಈಗ ಬರಬಹುದು, ಚಿಕ್ಕದಾಗಿ. ವೆಬ್ ಪುಟಗಳು ಎಲ್ಲರಿಗೂ ಎಟುಕುವಂತಿರಲು ಇರುವ ಡಬ್ಲ್ಯುಸಿಎಜಿ ಮಾರ್ಗಸೂಚಿ, ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ಅಂತರ (ಕಾಂಟ್ರಾಸ್ಟ್) ಇರಬೇಕು ಎನ್ನುತ್ತದೆ. 2023ರ ಅಕ್ಟೋಬರಿನಲ್ಲಿ ಬಂದ ಅದರ 2.2ನೆಯ ಆವೃತ್ತಿ ಬಟನ್‌ಗಳಿಗೆ ಕನಿಷ್ಠ 24 ಪಿಕ್ಸೆಲ್ ಅಳತೆ ಕೇಳುತ್ತದೆ. ಬಿಳಿಯ ಮೇಲೆ ತೆಳು ಬೂದು ಅಕ್ಷರ ಆಫೀಸಿನ ಕಂಪ್ಯೂಟರಿನಲ್ಲಿ ಅಂದವಾಗಿ ಕಾಣಬಹುದು. ಕಾಫಿ ಒಣಗುವ ಕಣದಲ್ಲಿ, ಬಿಸಿಲಿಗೆ ಮುಖ ಮಾಡಿ ನಿಂತು, ಮೂರು ವರ್ಷ ಹಳೆಯ ಫೋನಿನಲ್ಲಿ ಅದನ್ನೇ ಓದಿ ನೋಡಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಪುಟ ಸರಿಯಿದೆಯೇ ಎಂದು ಕಟ್ಟಿದವರಿಗೆ ಗೊತ್ತಾಗುವುದಿಲ್ಲ. ಅವರಿಗೆ ಎಲ್ಲವೂ ಬಾಯಿಪಾಠ. ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಕೊಟ್ಟ ಸಲಹೆ ಇಂದಿಗೂ ಚಾಲ್ತಿಯಲ್ಲಿದೆ: ಐದು ಜನರಿಂದ ಬಳಸಿ ನೋಡಿಸಿದರೆ ಹೆಚ್ಚಿನ ತೊಂದರೆಗಳು ಹೊರಬರುತ್ತವೆ. ಅವರ ಅಂದಾಜು ಶೇ. 85. ಸಣ್ಣ ವೆಬ್‌ಸೈಟಿಗೆ ಇದು ಸಾಕಷ್ಟಾಯಿತು. ನೆಂಟರು, ಸಹೋದ್ಯೋಗಿಗಳು ಬೇಡ, ಅವರು ಚೆನ್ನಾಗಿದೆ ಎಂದೇ ಹೇಳುತ್ತಾರೆ. ಬೋರ್ಡೋ ಎಂದೂ ಕಲಸದ ಒಬ್ಬರ ಕೈಗೆ ಅವರದೇ ಫೋನು ಕೊಟ್ಟು '200 ಲೀಟರಿಗೆ ತಯಾರಿ ಮಾಡಿಕೊಳ್ಳಿ' ಎಂದು ಹೇಳಿ ಪಕ್ಕದಲ್ಲಿ ಕೂರಬೇಕು. ಕಷ್ಟದ ಕೆಲಸವೆಂದರೆ ಬಾಯಿ ಮುಚ್ಚಿಕೊಂಡಿರುವುದು. 'ಅಲ್ಲಿ ಕೆಳಗಿದೆ ನೋಡಿ' ಎಂದು ಒಂದು ಮಾತು ಆಡಿದರೂ ನೀವು ಮೇಷ್ಟ್ರಾದಿರಿ, ಪರೀಕ್ಷೆ ಕೆಟ್ಟಿತು. ಅವರು ಎಲ್ಲಿ ಹಿಂದಕ್ಕೆ ಸ್ಕ್ರೋಲ್ ಮಾಡಿದರು, ಯಾವ ವಾಕ್ಯವನ್ನು ಎರಡು ಸಲ ಓದಿದರು, ಎಲ್ಲಿ ಫೋನು ಕೆಳಗಿಟ್ಟರು ಎಂದು ಗುರುತು ಹಾಕಿಕೊಳ್ಳಬೇಕು. ತಿದ್ದಿ, ಬೇರೆ ಐದು ಜನಕ್ಕೆ ಮತ್ತೆ ಕೊಡಬೇಕು. ಪುಟ ಹೊರಬಂದ ಮೇಲೆ ಪ್ರಶ್ನೆಗಳ ಉತ್ತರಗಳೇ ಈ ಕೆಲಸ ಮುಂದುವರಿಸುತ್ತವೆ. ಕಬ್ಬಿಣದ ಡ್ರಮ್ಮನ್ನೇ ಬಹಳ ಮಂದಿ ಆರಿಸುತ್ತಿದ್ದರೆ, ಪಾತ್ರೆಯ ವಿಷಯ ಪುಟದಲ್ಲಿ ಎಲ್ಲೋ ಹೂತುಹೋಗಿದೆ.

ಇನ್ನೊಂದು ಕೆಲಸವನ್ನು ಎಲ್ಲರೂ ಮರೆಯುತ್ತಾರೆ. ಔಷಧಿಗಳ ಶಿಫಾರಸು ಕಾಲಕಾಲಕ್ಕೆ ಬದಲಾಗುತ್ತದೆ. ವೆಬ್‌ಸೈಟಿನ ಪುಟವನ್ನು ತಿದ್ದಬಹುದು, ಆದರೆ ಡೌನ್‌ಲೋಡ್ ಆದ ಹಾಳೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಅದಕ್ಕೇ ಪರಿಶೀಲಿಸಿದವರು ಯಾರು, ಯಾವ ತಿಂಗಳು ಎನ್ನುವುದನ್ನು ಪುಟದ ಮೇಲ್ಗಡೆ ಹಾಕಿ, ಹಾಳೆಯ ಶೀರ್ಷಿಕೆಯಲ್ಲೂ ಕಡತದ ಹೆಸರಿನಲ್ಲೂ ಆ ವರ್ಷವನ್ನು ಸೇರಿಸಬೇಕು. ಪುಟದ ವಿಳಾಸವನ್ನು ಕ್ಯೂಆರ್ ಸಂಕೇತವಾಗಿ ಹಾಳೆಯ ಮೂಲೆಯಲ್ಲಿ ಮುದ್ರಿಸಿದರೆ, ಗೋಡೆಯ ಮೇಲಿರುವುದು ಈ ವರ್ಷದ್ದೋ ಹಳೆಯದೋ ಎಂದು ಸಿಗ್ನಲ್ ಇದ್ದ ದಿನ ನೋಡಿಕೊಳ್ಳಬಹುದು.